ಹನ್ನೆರಡು ಗುಂಡಿಗಳ ಹಲಗೆ

ಮದುರೈ ಸೀಮೆಯ ತೇವಾರಂನ ಅಯ್ಯನಾರ್ ಸೈನ್ಯ ಬಿಟ್ಟು ಊರಿಗೆ ಬಂದದ್ದು ಅರವತ್ತನಾಲ್ಕನೇ ಇಸವಿಯಲ್ಲಿ. ಹತ್ತು ವರ್ಷ ಸಿಗ್ನಲ್ ದಳದಲ್ಲಿ ಟೆಲಿಪ್ರಿಂಟರ್ ರಿಪೇರಿ ಮಾಡಿದವನು. ಕಣ್ಣೆದುರಿಗೆ ಸುಳ್ಳು ನಡೆದರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ, ಹೊಟ್ಟೆ ತೊಳಸುತ್ತಿತ್ತು. ಒಮ್ಮೆ ಸೈನ್ಯದ ಅಡುಗೆಯವನು ಹಳಸಿದ ಸಾರಿಗೆ ಹುಣಸೆ ಹಿಂಡಿ ಹೊಸದೆಂದು ಬಡಿಸಿದ್ದನ್ನು ನೋಡಿಬಿಟ್ಟ. ಮೂರು ದಿನ ಬರೀ ಬಾಳೆಹಣ್ಣು ತಿಂದುಕೊಂಡಿದ್ದ. ಜೊತೆಯವರು ನಕ್ಕರು. ಅವರೆಲ್ಲ ಅದೇ ಸಾರು ಉಂಡು ಚೆನ್ನಾಗಿಯೇ ಇದ್ದರು.

ಅಪ್ಪನ ಹೊಲವನ್ನು ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ಇವನಿಗೆ ಅಲ್ಲಿ ಕೆಲಸವಿರಲಿಲ್ಲ, ಮನಸ್ಸೂ ಇರಲಿಲ್ಲ. ಅಕ್ಕ ದೈವಾನೈಯ ಗಂಡ ಪೆರಿಯಣ್ಣನ್ ತೇನಿಯಲ್ಲಿ ಪೆರಿಯಕುಳಂ ರಸ್ತೆಯ ಪಕ್ಕ ಒಂದು ವರ್ಕ್‌ಶಾಪ್ ಇಟ್ಟಿದ್ದ. ಪಂಪ್‌ಸೆಟ್ಟಿಗೆ, ನೂಲಿನ ಮಿಲ್ಲುಗಳಿಗೆ ಸ್ವಿಚ್ಚಿನ ಹಲಗೆ ಮಾಡಿಕೊಡುವ ಕೆಲಸ. "ನಮ್ ಮನೇಲೆ ಇರು, ನಮ್ ಅಂಗಡೀಲೆ ಕೆಲ್ಸ ಮಾಡು," ಎಂದು ಬಾವ ಕರೆದ. ಅಯ್ಯನಾರ್ ಒಪ್ಪಿದ. ಹಿತ್ತಿಲ ಕಡೆಯ ಕೋಣೆ ಕೊಟ್ಟರು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದವರು: ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಅಕ್ಕನ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದವು.

ಬಾವ ಕೆಟ್ಟವನಲ್ಲ ಎಂದೇ ಅಯ್ಯನಾರ್ ಬಹಳ ದಿನ ನಂಬಿದ್ದ. ದಪ್ಪ ಆಳು, ಸಿಹಿ ಮಾತು. ಬಾಯಿ ತುಂಬ ವೀಳ್ಯದೆಲೆ ಇಟ್ಟುಕೊಂಡು, ಎದುರಿಗಿದ್ದವರ ಭುಜದ ಮೇಲೆ ಕೈಹಾಕಿ ಮಾತಾಡುವ ಮನುಷ್ಯ. ಆ ಕೈ ಯಾವಾಗಲೂ ಸ್ವಲ್ಪ ಒದ್ದೆಯಾಗಿರುತ್ತಿತ್ತು. ಅಯ್ಯನಾರ್ ಅದನ್ನು ಸಹಿಸಿಕೊಂಡ.

ಅಂಗಡಿಗೆ ಒಂದು ಕಷ್ಟ ಇತ್ತು. ಹಲಗೆಯನ್ನು ಕಬ್ಬಿಣದ ತಗಡಿನಲ್ಲಿ ಕೊರೆದು, ಬಣ್ಣ ಹೊಡೆದು, ಲಾರಿಯಲ್ಲಿ ಕಳಿಸಿ ಗೋಡೆಗೆ ಬಿಗಿದ ಮೇಲೆ ಕೊಂಡವರು ತಕರಾರು ತೆಗೆಯುತ್ತಿದ್ದರು. ಗುಂಡಿ ಕೈಗೆ ಸಿಗುತ್ತಿಲ್ಲ, ದೀಪ ಕಾಣುತ್ತಿಲ್ಲ, ನಿಲ್ಲಿಸುವುದು ಯಾವುದು ಓಡಿಸುವುದು ಯಾವುದು ತಿಳಿಯುತ್ತಿಲ್ಲ. ತಗಡು ವಾಪಸು ಬರುತ್ತಿತ್ತು. ಮೊದಲೇ ಪ್ಲೈವುಡ್ಡಿನಲ್ಲಿ ಒಂದು ಸುಳ್ಳು ಹಲಗೆ ಮಾಡಿ, ಅದನ್ನು ಬಳಸುವವರ ಕೈಯಲ್ಲೇ ಒತ್ತಿಸಿ ನೋಡಿದರೆ ಹೇಗೆ ಎಂದು ಅಯ್ಯನಾರ್‌ಗೆ ಹೊಳೆಯಿತು. ಆದರೆ ಸುಳ್ಳು ಹಲಗೆಗೆ ಜೀವ ಬರಬೇಕಲ್ಲ.

ತಾಮ್ರದ ಪಟ್ಟಿ ತರಲು ದಿಂಡಿಗಲ್‌ಗೆ ಹೋದಾಗ, ಬೀಗ ಮಾಡುವವರ ಬೀದಿಯ ಹಿಂದೆ ಒಂದು ಗುಜರಿ ಅಂಗಡಿಯಲ್ಲಿ ಹಳೆಯ ಟೆಲಿಪ್ರಿಂಟರ್ ಬಿದ್ದಿತ್ತು. ಹಲ್ಲಿ ಮೊಟ್ಟೆ ಇಟ್ಟಿತ್ತು ಅದರೊಳಗೆ. ಅದನ್ನು ಹೊತ್ತು ತಂದು, ಮೂರು ತಿಂಗಳು ಕೂತು ತೊಳೆದು, ಕರೆಂಟು ಹರಿಸಿ ತಡೆಯುವ ರಿಲೇಗಳನ್ನು ಜೋಡಿಸಿ, ತಂತಿ ಎಳೆದು ಒಂದು ಹದಕ್ಕೆ ತಂದ. ಅದರ ಕೆಲಸ ಸರಳ. ಕೀಲಿಮಣೆಯ ಮುಂದೆ ಕೂತು ಒಂದು ಸಾಲು ಟೈಪ್ ಮಾಡಬೇಕು: ಲ್ಯಾಂಪಿನ ಎಲ್ ಅಕ್ಷರ, ಏಳರ ಅಂಕಿ. ಸಾಲು ಮುಗಿಸುವ ಕೀಲಿ ಒತ್ತಿದರೆ ರಿಲೇ ಟಕ್ಕೆನ್ನುತ್ತದೆ, ಆಚೆ ಏಳನೇ ದೀಪ ಹೊತ್ತುತ್ತದೆ. ದೀಪ ನೋಡಿದವರು ಪ್ಲೈವುಡ್ ಹಲಗೆಯಲ್ಲಿ ಯಾವ ಗುಂಡಿ ಒತ್ತಿದರೋ ಆ ಗುಂಡಿಯ ಅಂಕಿ ಅದೇ ಕಾಗದದ ಮೇಲೆ ಕೆಳಗಿನ ಸಾಲಿನಲ್ಲಿ ತಾನಾಗಿ ಅಚ್ಚಾಗುತ್ತದೆ. ಏನು ಕೇಳಿದೆವು, ಏನು ಒತ್ತಿದರು, ಎರಡೂ ಕಾಗದದ ಮೇಲೆ ನಿಲ್ಲುತ್ತವೆ.

ಬಾವ ಅದನ್ನು ನೋಡಿ ಹಿಗ್ಗಿದ. ಬಂದವರಿಗೆಲ್ಲ ತೋರಿಸಿದ. ಎರಡು ವರ್ಷದಲ್ಲಿ ತಕರಾರು ಕಡಿಮೆಯಾಯಿತು, ಅಂಗಡಿಗೆ ಹೆಸರು ಬಂತು. ಅಷ್ಟು ಹೊತ್ತಿಗೆ ಅಯ್ಯನಾರ್‌ಗೆ ಮೂವತ್ತಾರು ತುಂಬಿತ್ತು, ಅಕ್ಕ ಹೆಣ್ಣು ಹುಡುಕುತ್ತಿದ್ದಳು. ಬದುಕು ಒಂದು ದಾರಿಗೆ ಬಂತು ಅಂತ ಅವನೂ ಅಂದುಕೊಂಡಿದ್ದ.

ಅರವತ್ತಾರರ ಮಳೆಗಾಲ ಕಳೆದ ಮೇಲೆ ಊರಾಚೆಯ ಒಂದು ನೂಲಿನ ಮಿಲ್ಲಿನಿಂದ ದೊಡ್ಡ ಕೆಲಸ ಬಂತು. ನೂಲನ್ನು ಲಡಿ ಸುತ್ತುವ ವಿಭಾಗದಲ್ಲಿ ಪೂರಾ ಹೆಂಗಸರೇ ಇದ್ದರು. ಅಲ್ಲಿಗೆ ಕರೆಂಟಿನ ಹೊಸ ಯಂತ್ರ ಹನ್ನೆರಡು ತರಿಸಿದ್ದರು. ನಡುವೆ ಓಡಾಡಲು ದಾರಿ, ದಾರಿಯ ಎಡಕ್ಕೆ ಆರು, ಬಲಕ್ಕೆ ಆರು. ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ. ಯಂತ್ರದಲ್ಲಿ ಕೈಯೋ ಸೆರಗೋ ಸಿಕ್ಕಿದರೆ ಯಾರಾದರೂ ಓಡಿಬಂದು ಆ ಯಂತ್ರದ ಗುಂಡಿ ಒತ್ತಿ ನಿಲ್ಲಿಸಬೇಕು. ಮಿಲ್ಲಿನವರು ಕೊಟ್ಟ ನಕ್ಷೆಯಲ್ಲಿ ಹನ್ನೆರಡು ಗುಂಡಿಗಳೂ ಒಂದೇ ಉದ್ದ ಸಾಲಿನಲ್ಲಿದ್ದವು. ಕೆಳಗೆ ಒಂದರಿಂದ ಹನ್ನೆರಡರವರೆಗೆ ಅಂಕಿ: ಮೊದಲ ಆರು ಎಡಸಾಲಿಗೆ, ಉಳಿದವು ಬಲಸಾಲಿಗೆ.

ಅಯ್ಯನಾರ್ ನಕ್ಷೆಯಂತೆಯೇ ಪ್ಲೈವುಡ್ ಹಲಗೆ ಮಾಡಿದ. ವರ್ಕ್‌ಶಾಪಿನ ನೆಲದ ಮೇಲೆ ಯಂತ್ರಗಳು ನಿಲ್ಲುವ ಹಾಗೆಯೇ ಎಡಕ್ಕೆ ಆರು, ಬಲಕ್ಕೆ ಆರು ದೀಪ ಇಟ್ಟ. ಮಿಲ್ಲಿನಿಂದ ಹದಿನಾಲ್ಕು ಹೆಂಗಸರನ್ನು ಕಳಿಸಿದರು. ಒಬ್ಬೊಬ್ಬರನ್ನೇ ಒಳಗೆ ಕರೆದು, ತೆರೆಯ ಹಿಂದೆ ಕೂತು ಒಂದೊಂದು ಸಾಲು ಟೈಪ್ ಮಾಡಿದ. ದೀಪ ಹೊತ್ತಿದ ಕೂಡಲೇ ಓಡಿ ಅದರ ಗುಂಡಿ ಒತ್ತಬೇಕು. ಅಷ್ಟೇ ಕೆಲಸ.

ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ತಪ್ಪು ಗುಂಡಿ ಒತ್ತಿದರು. ಒಂದು ಸಲವಲ್ಲ, ಮತ್ತೆ ಮತ್ತೆ. ಎಡಸಾಲಿನಲ್ಲಿ ಅಷ್ಟು ತಪ್ಪಾಗಲಿಲ್ಲ. ಬಲಸಾಲಿನ ದೀಪ ಹೊತ್ತಿದರೆ ಕೈ ಎತ್ತಲೋ ಹೋಗುತ್ತಿತ್ತು.

ಕಣ್ಣಮ್ಮಾಳ್ ಎಂಬವಳು ಮೂರನೇ ಸಲ ತಪ್ಪು ಒತ್ತಿ ಅಲ್ಲೇ ನಿಂತಳು. ನಲವತ್ತರ ಹೆಂಗಸು, ಕಂಬಂ ಕಡೆಯವಳು, ಮನೆಮಾತು ಕನ್ನಡ. ತೆರೆ ಸರಿಸಿ ಒಳಗೆ ಇಣುಕಿದಳು.

"ತಂಬಿ, ನೀ ಬೇಕಂತಲೇ ಇಂಗೆ ಇಟ್ಟಿದ್ದೀಯಾ?"

"ಇಲ್ಲಕ್ಕಾ. ಮಿಲ್ಲೋರು ಕೊಟ್ಟಂಗೆ ಇಟ್ಟೀನಿ."

"ದೀಪ ಬಲಗಡೆ ಮೂರನೇದು ಹತ್ತಿತು. ನನ್ ಕೈ ಇಲ್ಲಿ ಮೂರನೇದಕ್ಕೆ ಓಯ್ತು. ಇಲ್ಲಿ ಮೂರನೇದು ಎಡಗಡೆ ಮಿಷಿನ್ನು ಅಂತೀಯ. ಒಬ್ಬಳು ಸಿಕ್ಕಾಕ್ಕೊಂಡು ಕಿರಚೋವಾಗ ನಾನು ಒಂದು ಎರಡು ಅಂತ ಎಣಿಸ್ತಾ ನಿಂತ್ಕಳ್ಳಲಾ?"

"ಮತ್ತೆ ಎಂಗಿರಬೇಕು?"

"ಮಿಷಿನ್ನು ಎಂಗೆ ಕುಂತಿದಾವೋ ಗುಂಡೀನೂ ಅಂಗೇ ಕುಂತ್ಕಳ್ಳಲಿ. ಈ ಕಡೆ ಆರು, ಆ ಕಡೆ ಆರು, ನಡುವೆ ದಾರಿ. ಓದೋದು ಬ್ಯಾಡ, ನೋಡಿದ್ರೆ ಸಾಕು."

ಅಯ್ಯನಾರ್ ಎರಡು ದಿನದಲ್ಲಿ ಇನ್ನೊಂದು ಹಲಗೆ ಮಾಡಿದ. ಅವಳು ಹೇಳಿದ ಹಾಗೆಯೇ. ಅದೇ ಹದಿನಾಲ್ಕು ಜನ ಬಂದರು, ಹದಿಮೂರು ಜನ ಒಂದೂ ತಪ್ಪದೆ ಒತ್ತಿದರು. ಕಾಗದದ ಸುರುಳಿಯನ್ನು ಕತ್ತರಿಸಿ, ಎರಡು ದಿನದ ಪರೀಕ್ಷೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಖುಷಿಯಿಂದ ಬಾವನ ಹತ್ತಿರ ಹೋದ.

ಪೆರಿಯಣ್ಣನ್ ಕಾಗದವನ್ನು ನೋಡಲಿಲ್ಲ. ಡಬ್ಬಿಯೊಳಗೆ ಉಗುಳಿ, ಬಾಯಿ ಒರೆಸಿಕೊಂಡ.

"ತಗಡು ಕೊರೆದಾಯ್ತಲ್ಲ."

"ಕೊರೆದಾಯ್ತಾ? ನಾವಿನ್ನೂ ಪರೀಕ್ಷೆ ಮಾಡ್ತಾ ಇದ್ದೀವಲ್ಲ ಬಾವ."

"ನೀ ಮಾಡ್ತಾ ಇದ್ದೆ. ನಾನು ನಕ್ಷೆ ಬಂದ ದಿನವೇ ಕೊರೆಸಿದೆ. ಮ್ಯಾನೇಜರು ತಾನೇ ಬರೆದ ನಕ್ಷೆ ಅದು. ತಪ್ಪು ಅಂತ ಅವರ ಮುಂದೆ ಯಾರು ಏಳ್ತಾರೆ, ನೀ ಏಳ್ತೀಯ?"

"ಏಳ್ತೀನಿ."

ಬಾವ ನಕ್ಕು, ಆ ಒದ್ದೆ ಕೈಯನ್ನು ಅವನ ಭುಜದ ಮೇಲೆ ಹಾಕಿದ. ಸೋಮವಾರ ಮ್ಯಾನೇಜರು ಬಂದು ಪರೀಕ್ಷೆ ನೋಡುತ್ತಾರೆ ಎಂದ. ಉದ್ದ ಸಾಲಿನ ಹಲಗೆಯನ್ನೇ ಇಡಬೇಕು. ಯಾವ ದೀಪ ಆದ ಮೇಲೆ ಯಾವ ದೀಪ ಹೊತ್ತುತ್ತದೆ ಎಂದು ಹೆಂಗಸರಿಗೆ ಮೊದಲೇ ಹೇಳಿಕೊಡುವುದು: ಎರಡು, ಐದು, ಒಂಬತ್ತು, ನಾಲ್ಕು, ಹನ್ನೊಂದು. ಅಯ್ಯನಾರ್ ಅದೇ ಕ್ರಮದಲ್ಲಿ ಟೈಪ್ ಮಾಡುವುದು. "ನಿನ್ ಯಂತ್ರ ಚೆನ್ನಾಗಿ ಓಡ್ತದೆ, ಎಲ್ಲಾರ್ಗೂ ಸಂತೋಷ."

ಅಯ್ಯನಾರ್‌ಗೆ ಬಾಯೆಲ್ಲ ಹುಳಿಯಾಯಿತು. ಹಿತ್ತಿಲಿಗೆ ಹೋಗಿ ಉಗುಳಿ ಬಂದ.

ಭಾನುವಾರ ಮಧ್ಯಾಹ್ನ ಅಕ್ಕ ಊಟಕ್ಕೆ ಕೋಳಿ ಮಾಡಿದ್ದಳು. ತಮ್ಮನ ಎಲೆಗೆ ಮೊದಲು ಬಡಿಸಿ ಎದುರಿಗೆ ಕೂತಳು. "ನಿನ್ ಬಾವನ ಮಾತು ಕೇಳಪ್ಪ. ಈ ಮಿಲ್ಲು ಕೈ ಬಿಟ್ರೆ ಉಳಿದ ಮಿಲ್ಲುಗಳೂ ಬಿಡ್ತಾವೆ. ನಾಳೆ ಒಂದು ದಿನ ತಾನೆ," ಎಂದಳು. ಅವಳ ದನಿಯಲ್ಲಿ ಮೋಸವಿರಲಿಲ್ಲ, ಭಯವಿತ್ತು. ಅದಕ್ಕೇ ಅವನಿಗೆ ಇಲ್ಲ ಅನ್ನಲು ಆಗಲಿಲ್ಲ. ಎಲೆಯ ಮೇಲಿನ ಕೋಳಿಯ ಎಣ್ಣೆ ಅಂಚಿನತ್ತ ಹರಿಯುತ್ತಿತ್ತು. ಎರಡು ತುತ್ತು ತಿಂದು ಎಲೆ ಮಡಚಿದ.

ಸೋಮವಾರ ಮ್ಯಾನೇಜರು ಬಂದರು. ಇಸ್ತ್ರಿಯ ಬಿಳಿ ಶರ್ಟು, ಕೈಯಲ್ಲಿ ಕರವಸ್ತ್ರ. ಕುರ್ಚಿಯಲ್ಲಿ ಕೂತು, ಹಲ್ಲಿನ ಸಂದಿಯನ್ನು ನಾಲಿಗೆಯಿಂದ ತಡಕುತ್ತ ನೋಡಿದರು. ಅಯ್ಯನಾರ್ ತೆರೆಯ ಹಿಂದೆ ಕೂತು ಟೈಪ್ ಮಾಡಿದ. ಎರಡು, ಐದು, ಒಂಬತ್ತು, ನಾಲ್ಕು, ಹನ್ನೊಂದು. ಹೆಂಗಸರು ದೀಪದ ಕಡೆ ನೋಡಲೂ ಇಲ್ಲ, ಕಲಿತ ಪಾಠ ಒಪ್ಪಿಸುವವರ ಹಾಗೆ ಒತ್ತಿದರು. ಕಾಗದದ ಮೇಲೆ ಒಂದು ಸಾಲು ಕೇಳುವುದು, ಒಂದು ಸಾಲು ಸರಿ ಉತ್ತರ. ಹದಿನಾಲ್ಕು ಜನ, ಒಂದೂ ತಪ್ಪಿಲ್ಲ. ಅವನೇ ಕಟ್ಟಿದ ಯಂತ್ರ, ಅವನ ಬೆರಳು, ಅವನ ಕಣ್ಣೆದುರಿಗೆ ಅಚ್ಚಾಗುತ್ತಿದ್ದ ಸುಳ್ಳು. ತಡೆಯಬಹುದಿತ್ತು. ಒಂಬತ್ತರ ಬದಲು ಎಂಟು ಟೈಪ್ ಮಾಡಿದ್ದರೆ ಸಾಕಿತ್ತು, ಎಲ್ಲ ಬಯಲಾಗುತ್ತಿತ್ತು. ಅವನು ಒಂಬತ್ತನ್ನೇ ಟೈಪ್ ಮಾಡಿದ.

ಕಣ್ಣಮ್ಮಾಳ್ ತನ್ನ ಸರದಿ ಮುಗಿಸಿ ಹೋಗುವಾಗ ತೆರೆಯ ಕಡೆ ಒಮ್ಮೆ ನೋಡಿದಳು. ಹೆಂಗಸರು ಸಾಲಾಗಿ ಬಂದು ಪರೀಕ್ಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಮ್ಯಾನೇಜರು ಪೆರಿಯಣ್ಣನ್‌ಗೆ ಕೈ ಕೊಟ್ಟು, ಆಮೇಲೆ ಕರವಸ್ತ್ರದಿಂದ ಆ ಕೈ ಒರೆಸಿಕೊಂಡರು. ಎಲ್ಲರಿಗೂ ಕಾಫಿ, ಬೋಂಡ ಬಂತು. ಅಯ್ಯನಾರ್ ಶೆಡ್ಡಿನ ಹಿಂದೆ ಹೋಗಿ, ಗ್ರೀಸು ಮೆತ್ತಿದ ಗೋಡೆಗೆ ಕೈ ಕೊಟ್ಟು ನಿಂತು, ಬೆಳಗಿನ ಇಡ್ಲಿಯನ್ನೆಲ್ಲ ಕಾರಿದ.

ತಗಡಿನ ಹಲಗೆ ಮಿಲ್ಲಿಗೆ ಹೋಯಿತು. ನಾಲ್ಕು ತಿಂಗಳು ಏನೂ ಆಗಲಿಲ್ಲ. ನಾಲ್ಕು ತಿಂಗಳೂ ಅಯ್ಯನಾರ್ ಟೆಲಿಪ್ರಿಂಟರಿನ ಮೇಲೆ ಗೋಣಿಚೀಲ ಹೊದಿಸಿಟ್ಟು ಪಂಪ್‌ಸೆಟ್ಟಿನ ಕೆಲಸ ಮಾಡಿಕೊಂಡಿದ್ದ. ಹೆಣ್ಣು ನೋಡಲು ಬೋಡಿನಾಯಕನೂರಿಗೆ ಹೋಗೋಣವೆಂದು ಅಕ್ಕ ಹೇಳಿದರೆ ಆಮೇಲೆ ಅಂದ.

ಶಿವರಾತ್ರಿ ಬರುವ ಮಾಸಿ ತಿಂಗಳ ಒಂದು ಮಧ್ಯಾಹ್ನ ಬಲಸಾಲಿನ ಮೂರನೇ ಯಂತ್ರದಲ್ಲಿ, ಅಂದರೆ ಒಂಬತ್ತನೆಯದರಲ್ಲಿ, ರಂಗಮ್ಮಾಳ್ ಎಂಬವಳ ಬಲಗೈಗೆ ನೂಲು ಸುತ್ತಿಕೊಂಡಿತು. ಯಂತ್ರ ಕೈಯನ್ನು ಒಳಗೆಳೆಯಿತು. ಹಲಗೆಗೆ ಹತ್ತಿರವಿದ್ದವಳು ಕಣ್ಣಮ್ಮಾಳ್. ಓಡಿಬಂದು ಮೂರನೇ ಗುಂಡಿ ಒತ್ತಿದಳು. ಎಡಸಾಲಿನ ಮೂರನೇ ಯಂತ್ರ ನಿಂತಿತು. ಅದರ ಮುಂದಿದ್ದವಳು ಯಾಕೆ ನಿಂತಿತೆಂದು ನೋಡುತ್ತಿದ್ದಳು. ಒಂಬತ್ತನೆಯದು ಓಡುತ್ತಲೇ ಇತ್ತು. ಕಣ್ಣಮ್ಮಾಳ್ ಮತ್ತೆ ಮತ್ತೆ ಅದೇ ಗುಂಡಿಯನ್ನು ಗುದ್ದಿದಳು. ಎಲೆಕ್ಟ್ರಿಷಿಯನ್ ಬಂದು ಮೇನ್ ಸ್ವಿಚ್ ಎಳೆಯುವ ಹೊತ್ತಿಗೆ ರಂಗಮ್ಮಾಳಿನ ಎರಡು ಬೆರಳು ಉಳಿಯುವ ಹಾಗಿರಲಿಲ್ಲ. ಮದುರೈ ಆಸ್ಪತ್ರೆಯಲ್ಲಿ ತೆಗೆದರು.

ಮಿಲ್ಲಿನವರು ಕಣ್ಣಮ್ಮಾಳನ್ನು ಕೆಲಸದಿಂದ ನಿಲ್ಲಿಸಿ ವಿಚಾರಣೆ ಇಟ್ಟರು. ಅಜಾಗರೂಕತೆ ಎಂದು ಬರೆದರು. ಅದಕ್ಕೆ ಆಧಾರ ಪೆರಿಯಣ್ಣನ್ ಅಂಗಡಿಯ ಪರೀಕ್ಷೆಯ ಕಾಗದ. ಹಲಗೆಯಲ್ಲಿ ದೋಷವಿಲ್ಲ, ಇದೇ ಹೆಂಗಸು ಇದೇ ಒಂಬತ್ತನೇ ಗುಂಡಿಯನ್ನು ತಪ್ಪಿಲ್ಲದೆ ಒತ್ತಿದ್ದಾಳೆ, ಇಗೋ ಅವಳದೇ ಹೆಬ್ಬೆಟ್ಟು.

ಈ ಸುದ್ದಿಯನ್ನು ಬಾವನೇ ಊಟದ ಹೊತ್ತಿಗೆ ಹೇಳಿದ. ಹೇಳುತ್ತ ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸುತ್ತಿದ್ದ.

"ನಿನ್ನನ್ನೂ ಕರೀತಾರೆ. ಪರೀಕ್ಷೆ ಮಾಡಿದ್ದು ನಾನೇ ಅಂತ ಏಳು, ಸಾಕು. ಅದು ಸುಳ್ಳಲ್ಲವಲ್ಲ."

ಅಯ್ಯನಾರ್ ಅವನ ಬೆರಳುಗಳನ್ನೇ ನೋಡುತ್ತಿದ್ದ. ಉಪ್ಪಿನಕಾಯಿಯ ಕೆಂಪು, ಮೊಸರಿನ ಬಿಳುಪು, ದಪ್ಪ ಐದು ಬೆರಳು.

"ಮೊದಲ ಪರೀಕ್ಷೆಯ ಸುರುಳಿ ಇದ್ಯಾ ನಿನ್ ಹತ್ರ?" ಎಂದು ಬಾವ ಮೆಲ್ಲಗೆ ಕೇಳಿದ.

"ಅದೆ. ಪೆಟ್ಟಿಗೇಲಿ."

"ಅದನ್ನ ನನಗೆ ಕೊಟ್ಬಿಡು."

"ಕೊಡಾಕಿಲ್ಲ."

ದೈವಾನೈ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪೆರಿಯಣ್ಣನ್ ದನಿ ಏರಿಸಲಿಲ್ಲ. "ನೀ ತಿಂತಾ ಇರೋ ಅನ್ನ ಎಲ್ಲಿಂದ ಬಂತು ಅಂತ ಯೋಚ್ನೆ ಮಾಡು," ಎಂದ.

"ಯೋಚ್ನೆ ಮಾಡೀನಿ ಬಾವ. ನಾಲ್ಕು ತಿಂಗಳಿಂದ ಇಳೀತಾ ಇಲ್ಲ," ಎಂದು ಅಯ್ಯನಾರ್ ಎದ್ದ.

ವಿಚಾರಣೆ ಮ್ಯಾನೇಜರ ಕೋಣೆಯಲ್ಲೇ ನಡೆಯಿತು. ನಡೆಸಿದವರು ಹೊರಗಿನಿಂದ ಬಂದ ಒಬ್ಬ ವಯಸ್ಸಾದ ವಕೀಲರು. ಕಣ್ಣಮ್ಮಾಳ್ ಗೋಡೆಗೆ ಒರಗದೆ, ಸೆರಗು ಹೊದ್ದು ನಿಂತಿದ್ದಳು. ಅಯ್ಯನಾರ್ ಸುರುಳಿಗಳನ್ನು ಮೇಜಿನ ಮೇಲೆ ಬಿಡಿಸಿದ. ಎಡಗಡೆ ಮೊದಲ ದಿನದ್ದು, ಪಕ್ಕದಲ್ಲಿ ಎರಡು ಸಾಲಿನ ಹಲಗೆಯದ್ದು. ಯಾವ ಸಾಲು ತಾನು ಕೇಳಿದ್ದು, ಯಾವ ಸಾಲು ಹೆಂಗಸರು ಒತ್ತಿದ್ದು ಎಂದು ಬೆರಳಿಟ್ಟು ತೋರಿಸಿದ. ಆಮೇಲೆ ಸೋಮವಾರದ ಪರೀಕ್ಷೆಯ ಕಾಗದ ಎತ್ತಿದ.

"ಇದರಲ್ಲಿ ಹದಿನಾಲ್ಕು ಜನಕ್ಕೂ ಒಂದೇ ಕ್ರಮ ಕೊಟ್ಟಿದೀನಿ. ಮೊದಲ ದಿನ ಒಬ್ಬೊಬ್ಬರಿಗೆ ಒಂದೊಂದು ಕ್ರಮ. ಇದನ್ನ ಹೆಂಗಸರಿಗೆ ಮುಂಚೆಯೇ ಹೇಳಿಕೊಟ್ಟಿದ್ರು. ನನಗೂ ಗೊತ್ತಿತ್ತು. ಗೊತ್ತಿದ್ದೇ ಟೈಪ್ ಮಾಡಿದೆ," ಎಂದು ತಮಿಳಿನಲ್ಲಿ ಹೇಳಿದ.

ವಕೀಲರು ಮೂರೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ನೋಡಿದರು. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ, "ಮಿಲ್ಲಿಗೆ ಇದ್ಯಾವುದೂ ತಿಳಿಸಿರಲಿಲ್ಲ," ಎಂದರು. ಆಗ ಕಣ್ಣಮ್ಮಾಳ್ ಮೊದಲ ಸಲ ಬಾಯಿ ತೆರೆದಳು. ಹಲಗೆ ಗೋಡೆಗೆ ಬಿಗಿದ ವಾರವೇ ತಾನು ಮ್ಯಾನೇಜರ ಮುಂದೆ ನಿಂತು ಇದು ತಿರುವುಮುರುವಾಗಿದೆ ಎಂದು ಹೇಳಿದ್ದೆ ಎಂದಳು. ಅದಕ್ಕೆ ಮ್ಯಾನೇಜರು ಕೊಟ್ಟ ಉತ್ತರವನ್ನೂ ಹೇಳಿದಳು: ಎಣಿಸಲು ಬಾರದಿದ್ದರೆ ಮನೆಯಲ್ಲಿ ಪಾತ್ರೆ ತೊಳೆ. ಮ್ಯಾನೇಜರು ಅಲ್ಲಗಳೆಯಲಿಲ್ಲ, ನೆನಪಿಲ್ಲ ಎಂದರು. ಅಯ್ಯನಾರ್‌ಗೆ ಬಾವನ ಮೇಲಿದ್ದ ಹೇಸಿಗೆ ಆ ಬಿಳಿ ಶರ್ಟಿನ ಮೇಲೂ ಹರಡಿತು. ಇಷ್ಟು ದಿನ ಮೋಸ ಹೋದವರು ಮ್ಯಾನೇಜರು ಎಂದುಕೊಂಡಿದ್ದ. ಅವರಿಗೆ ಸತ್ಯ ಬೇಕಾಗಿಯೇ ಇರಲಿಲ್ಲ, ಹೆಬ್ಬೆಟ್ಟಿನ ಕಾಗದವೊಂದು ಬೇಕಾಗಿತ್ತು.

ಕಣ್ಣಮ್ಮಾಳ್‌ಗೆ ಕೆಲಸ ವಾಪಸು ಸಿಕ್ಕಿತು. ಹಲಗೆಯನ್ನು ಬದಲಿಸಬೇಕೆಂದು ವಕೀಲರು ಬರೆದರು. ಬದಲಿಸುವ ಕೆಲಸ ಮತ್ತೆ ಪೆರಿಯಣ್ಣನ್‌ಗೇ ಹೋಯಿತು, ಅಳತೆಯೆಲ್ಲ ಅವನ ಹತ್ತಿರವೇ ಇತ್ತಲ್ಲ. ಎರಡು ಸಾಲಿನ ಹಲಗೆ ಚೆನ್ನಾಗಿ ಬಂತು. ಅದನ್ನು ತನ್ನದೇ ಯೋಚನೆ ಎಂದು ಬೇರೆ ಮಿಲ್ಲುಗಳಿಗೂ ಮಾರಿದ. ಆ ಮಾತನ್ನು ಹೇಳುವಾಗ ಅವನ ಮುಖದಲ್ಲಿ ಒಂದಿಷ್ಟೂ ಅಳುಕು ಇರಲಿಲ್ಲವಂತೆ. ಬಹುಶಃ ಅಷ್ಟು ಹೊತ್ತಿಗೆ ಅವನೇ ಅದನ್ನು ನಂಬಿದ್ದ.

ಅಯ್ಯನಾರ್ ಅದೇ ವಾರ ಆ ಮನೆ ಬಿಟ್ಟ. ಅಕ್ಕ ಅಳಲಿಲ್ಲ, ಬುತ್ತಿ ಕಟ್ಟಿಕೊಟ್ಟಳು. ಬಸ್ಸು ಹತ್ತುವ ಮೊದಲು ರಂಗಮ್ಮಾಳ್ ಮನೆ ಹುಡುಕಿಕೊಂಡು ಹೋದ. ಅವಳು ಜಗುಲಿಯ ಮೇಲೆ ಕೂತು ಎಡಗೈಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯಲು ಕಲಿಯುತ್ತಿದ್ದಳು. ಅವನು ಯಾರೆಂದು ಹೇಳಿಕೊಂಡ. ಏನು ಮಾಡಿದೆನೆಂದೂ ಹೇಳಿದ.

ಅವಳು ಬೀಜ ತೆಗೆಯುತ್ತಲೇ ಕೇಳಿಸಿಕೊಂಡಳು. "ಕಣ್ಣಕ್ಕ ಎಲ್ಲಾ ಏಳಿದ್ಲು," ಎಂದಳು. "ವಿಚಾರಣೇಲಿ ಏಳಿದ್ದನ್ನ ಆ ಸೋಮಾರ ಏಳಿದ್ರೆ ನನ್ ಬೆರಳು ಇರ್ತಿತ್ತು."

"ಆಮಾ ತಂಗಚ್ಚಿ," ಎಂದು ಅವನು ಒಪ್ಪಿಕೊಂಡ.

"ಅಷ್ಟೇ. ಬೇರೇನಿಲ್ಲ. ನೀರು ಕುಡೀತೀಯಾ?"

ಅವನು ಕುಡಿದ. ಅವಳು ಕ್ಷಮಿಸಿದೆ ಅನ್ನಲಿಲ್ಲ, ಬೈಯಲೂ ಇಲ್ಲ. ಹೊರಗೆ ಬಿಸಿಲಲ್ಲಿ ನಡೆಯುತ್ತ ತನ್ನ ಹೊಟ್ಟೆಯೊಳಗಿನ ಅಸಹ್ಯದಲ್ಲಿ ಹೆಚ್ಚಿನ ಪಾಲು ತನ್ನ ಮೇಲಿನದೇ ಎಂದು ಅವನಿಗೆ ಮೊದಲ ಸಲ ಸ್ಪಷ್ಟವಾಯಿತು. ಬಾವ ಹೇಳಿಕೊಟ್ಟ, ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಟೈಪ್ ಮಾಡಿದವನು ಮಾತ್ರ ಸತ್ಯವನ್ನು ಕಣ್ಣಾರೆ ನೋಡಿದ್ದವನು.

ದಿಂಡಿಗಲ್‌ನಲ್ಲಿ ಮಾಯಾಂಡಿ ಎಂಬವನ ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಕ್ಕಿ ಮಿಲ್ಲು, ಎಣ್ಣೆ ಗಾಣಗಳಿಗೆ ಹಲಗೆ ಮಾಡುವ ಜಾಗ. ಟೆಲಿಪ್ರಿಂಟರನ್ನು ಬಾವ ಬಿಟ್ಟುಕೊಡಲಿಲ್ಲ. ಅದನ್ನು ಓಡಿಸಲು ಅಲ್ಲಿ ಯಾರಿಗೂ ಬರದೆ ಅದು ತುಕ್ಕು ಹಿಡಿಯಿತು. ಅಯ್ಯನಾರ್ ಬೇರೊಂದನ್ನು ಕಟ್ಟಿದ, ಈ ಸಲ ಹಳೆಯ ಟೈಪ್‌ರೈಟರಿನ ಕೀಲಿಗಳನ್ನು ಇಟ್ಟು. ಮದುವೆಯಾಗಲಿಲ್ಲ. ಹೋಟೆಲಿನ ಊಟ, ಅದೂ ಅಡುಗೆಮನೆಯೊಳಗೆ ಒಮ್ಮೆ ಇಣುಕಿ ನೋಡಿದ ಮೇಲೆ. ಕೆಲಸಗಾರರಿಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ. ಮುಖ ಸದಾ ಸೊಟ್ಟಗಿರುತ್ತದೆ, ಏನು ಕೊಟ್ಟರೂ ಮೂಸಿ ನೋಡುತ್ತಾನೆ ಎನ್ನುತ್ತಿದ್ದರು.

ಅವನದೊಂದು ನಿಯಮವಿತ್ತು. ಪರೀಕ್ಷೆ ನಡೆಯುವಾಗ ಯಜಮಾನರ ಪೈಕಿ ಯಾರೂ ಕೋಣೆಯಲ್ಲಿ ಇರಬಾರದು. ಯಾವ ಸಾಲು ಟೈಪ್ ಮಾಡುತ್ತೇನೆಂದು ಅವನು ಯಾರಿಗೂ ಹೇಳುತ್ತಿರಲಿಲ್ಲ. ಪರೀಕ್ಷೆಗೆ ಬಂದವರಿಂದಲೇ ಮಡಿಸಿದ ಚೀಟಿ ಎತ್ತಿಸಿ, ತಾನೊಬ್ಬನೇ ಬಿಡಿಸಿ ನೋಡಿ ಕ್ರಮ ಗೊತ್ತುಮಾಡುತ್ತಿದ್ದ.

ಅರವತ್ತೊಂಬತ್ತರಲ್ಲಿ ಒಂದು ದಿನ ಎಣ್ಣೆ ಗಾಣದ ಹಲಗೆಗೆ ಮೂವರು ಕೆಲಸಗಾರರು ಬಂದಿದ್ದರು. ಮಾಯಾಂಡಿ ಬಾಗಿಲಲ್ಲಿ ನಿಂತು, ಗಾಣದ ಯಜಮಾನರು ಜೊತೆಗಿದ್ದಾರೆ, ಎರಡು ನಿಮಿಷ ನೋಡಿಕೊಂಡು ಹೋಗುತ್ತಾರೆ, ಸುಮ್ಮನೆ ಮೂಲೆಯಲ್ಲಿ ನಿಲ್ಲುತ್ತಾರೆ ಎಂದ.

"ಹೊರಗೆ ನಿಂತ್ಕಳ್ಳಲಿ," ಎಂದ ಅಯ್ಯನಾರ್, ತಲೆಯೆತ್ತದೆ.

"ದೊಡ್ಡವರು ಅಯ್ಯನಾರು. ತಪ್ಪು ತಿಳ್ಕಂತಾರೆ."

"ತಿಳ್ಕಳ್ಳಲಿ. ಕಾಗದ ಬಂದ ಮೇಲೆ ಅವರಿಗೇ ಕೊಡ್ತೀನಿ, ಓದ್ಕಳ್ಳಲಿ."

ಮಾಯಾಂಡಿ ಬಾಗಿಲು ಎಳೆದುಕೊಂಡು ಹೋದ. ಅಯ್ಯನಾರ್ ಮೊದಲ ಕೆಲಸಗಾರನನ್ನು ಒಳಗೆ ಕರೆದು, ಚೀಟಿ ಎತ್ತಲು ಹೇಳಿದ.